ಕಪ್ತಾನನ ಕಿವಿ, ಕಲ್ಲು ಕೆತ್ತಿದವರ ಮುದ್ರೆ

ಏಪೆಕ್ಸ್ ಎನ್ನುವ ಈ ಊರಿಗೆ ಬಂದು ಮಗಳ ಮನೆಯ ಹತ್ತಿರ ನೆಲೆಸಿದ ಮೇಲೆ ಎಲ್ಲರೂ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಇಷ್ಟು ವರ್ಷ ವಾಷಿಂಗ್ಟನ್ನಿನಲ್ಲಿ ಏನು ಕೆಲಸ ಮಾಡುತ್ತಿದ್ದಿರಿ? ಮ್ಯೂಸಿಯಂ ಎಂದರೆ ಬಾಗಿಲಲ್ಲಿ ನಿಂತು ಟಿಕೆಟ್ ನೋಡುತ್ತಿದ್ದೆ ಎಂದುಕೊಳ್ಳುತ್ತಾರೆ. ಚಿತ್ರಗಳಿಗೆ ಕಟ್ಟು ಹಾಕುತ್ತಿದ್ದೆ ಎಂದರೆ ಪಾಪ ಎನ್ನುವ ಹಾಗೆ ಮುಖ ಮಾಡಿ ಮಾತು ಬದಲಿಸುತ್ತಾರೆ. ಮೊನ್ನೆ ನಮ್ಮ ಬೀದಿಯ ಸುಧಾ ಬಂದಿದ್ದಳು. ಹುಬ್ಬಳ್ಳಿಯವಳು, ರಿಸರ್ಚ್ ಟ್ರಯಾಂಗಲ್ ಪಾರ್ಕಿನಲ್ಲಿ ಎಂಜಿನಿಯರ್. ಜೊತೆಯಲ್ಲಿ ಮಗಳು ಅನನ್ಯ.

"ಆಂಟಿ, ಅಕಿ ಮ್ಯೂಸಿಯಂ ವರ್ಕ್‌ಶಾಪ್‌ನಾಗ ಜಾಬ್ ತೊಗೊಂಡಾಳ್ರೀ. ಗ್ವಾಡಿಗೆ ಫೋಟೊ ಹಾಕಾಕ ಮಾಸ್ಟರ್ಸ್ ಯಾಕ ಬೇಕಿತ್ತು ಅಂತ ಅವರಪ್ಪ ಸಿಟ್ಟಾಗ್ಯಾರ. ನೀವರ ಒಂದೀಟು ಹೇಳ್ರೀ" ಎಂದಳು ಸುಧಾ.

"ಅಮ್ಮಾ, ಇಟ್ಸ್ ನಾಟ್ ಜಸ್ಟ್ ಹ್ಯಾಂಗಿಂಗ್. ಆಂಟಿ, ಅಲ್ಲಿ ಡೇ ಟು ಡೇ ಏನು ಮಾಡ್ತಾರೆ? ರಿಯಲಿ?" ಎಂದು ಅನನ್ಯ ಕೇಳಿದಳು.

ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಹೇಳಿ ಮುಗಿಯುವ ವಿಷಯವಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ನನಗೆ ಸಿಕ್ಕ ಬಡ್ತಿಗಳನ್ನು ಬಿಟ್ಟಿದ್ದೇನೆ, ಅವು ಕೆಲಸವಲ್ಲ.

ನಮ್ಮ ತಂದೆ ಅಬ್ಬಾಜಾನ್ ಅವರಿಗೆ ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಫೋಟೊ ಕಟ್ಟಿನ ಅಂಗಡಿ ಇತ್ತು. ಲಕ್ಷ್ಮಿ, ಕಾಬಾ, ಮದುವೆಯ ಜೋಡಿ, ತೀರಿಹೋದ ತಾತ, ಎಲ್ಲರೂ ಅಲ್ಲಿಂದಲೇ ಕಟ್ಟು ಹಾಕಿಸಿಕೊಂಡು ಹೋಗುತ್ತಿದ್ದರು. ಗಾಜು ಕತ್ತರಿಸುವುದು, ಮೂಲೆ ಕೂಡಿಸುವುದು, ಮೈದಾ ಅಂಟಿಗೆ ಚೂರು ಮೈಲುತುತ್ತ ಹಾಕಿ ಕಾಯಿಸುವುದು, ಇವನ್ನೆಲ್ಲ ನಾನು ಅಲ್ಲೇ ಕಲಿತೆ. ಒಮ್ಮೆ ಅಂಟಿಸಿದರೆ ಚಿತ್ರ ಹರಿದೇ ಬರಬೇಕು, ಅಂಟು ಬಿಡಬಾರದು. ಅದು ನಮ್ಮ ಅಂಗಡಿಯ ಹೆಮ್ಮೆ.

ಮದುವೆಯಾಗಿ ಮೇರಿಲ್ಯಾಂಡಿಗೆ ಬಂದು, ಮಾಲ್‌ನ ಒಂದು ಫ್ರೇಮ್ ಅಂಗಡಿಯಲ್ಲಿ ಕೈ ಪಳಗಿಸಿಕೊಂಡು, ಕೊನೆಗೆ ಮ್ಯೂಸಿಯಮ್ಮಿನ ಕಾರ್ಯಾಗಾರ ಸೇರಿದೆ. ಅಲ್ಲಿ ವಾಲ್ಟರ್ ನಮ್ಮ ಮುಖ್ಯಸ್ಥರು. ಉದ್ದನೆಯ ಮನುಷ್ಯ, ಮಾತು ಕಮ್ಮಿ, ಕೋಪ ಮೂಗಿನ ತುದಿಯಲ್ಲಿ. ಮೊದಲ ದಿನವೇ ನಾನು ಅಂಟಿಸಿದ ಒಂದು ಹಳೆಯ ಕಾಗದವನ್ನು ಎತ್ತಿ ನೋಡಿ, "ಚೆನ್ನಾಗಿದೆ. ಈಗ ಬಿಚ್ಚಿ" ಎಂದರು. ಬಿಚ್ಚಲು ಬರಲಿಲ್ಲ. "ಬಿಚ್ಚಲು ಬಾರದ್ದನ್ನು ಇಲ್ಲಿ ಯಾರೂ ಅಂಟಿಸಲ್ಲ" ಎಂದು ಹೇಳಿ ಹೋದರು. ಅಬ್ಬಾಜಾನ್ ಕಲಿಸಿದ್ದನ್ನು ಪೂರ್ತಿ ತಿರುವಿ ಹಾಕಿಕೊಳ್ಳುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಗೋಧಿ ಪಿಷ್ಟದ ಅಂಟು, ಜಪಾನಿ ಕಾಗದದ ಸಣ್ಣ ಪಟ್ಟಿ, ಚಿತ್ರದ ಬೆನ್ನಿನ ಮೇಲ್ತುದಿಯಲ್ಲಿ ಎರಡೇ ಕಡೆ. ನೂರು ವರ್ಷ ಬಿಟ್ಟು ಬರುವವಳು ಒದ್ದೆ ಹತ್ತಿಯಿಂದ ಒತ್ತಿದರೆ ಬಿಟ್ಟುಕೊಳ್ಳಬೇಕು. ಅನನ್ಯಾ, ನಿನಗೂ ಮೊದಲು ಕಲಿಸುವುದು ಇದನ್ನೇ, ಬೇಜಾರು ಮಾಡಿಕೊಳ್ಳಬೇಡ.

ಕೋವಿಡ್ ಬಂದಾಗ ನಾವೆಲ್ಲ ಮನೆಯಲ್ಲಿ ಕೂತೆವು. ಕಟ್ಟು ಹಾಕುವವರು ವರ್ಕ್ ಫ್ರಮ್ ಹೋಮ್ ಹೇಗೆ ಮಾಡುತ್ತಾರೆ? ಮೀಟಿಂಗ್‌ನಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು, ಅಷ್ಟೆ. ಆ ಮೀಟಿಂಗ್‌ಗಳಲ್ಲೇ ರೆಬೆಕಾ ತನ್ನ ಪ್ರದರ್ಶನದ ಯೋಚನೆಯನ್ನು ಮುಂದಿಟ್ಟಳು. ಆಗಷ್ಟೇ ಸೇರಿದ ಕ್ಯುರೇಟರ್, ಅಂದರೆ ಯಾವ ಚಿತ್ರ ಇಡಬೇಕು, ಪಕ್ಕದ ಫಲಕದಲ್ಲಿ ಏನು ಬರೆಯಬೇಕು ಎಂದು ತೀರ್ಮಾನ ಮಾಡುವವಳು. ಉತ್ತರ ಧ್ರುವದ ಹತ್ತಿರದ ಇನ್ಯುಯಿಟ್ ಜನ ಮಾಡಿದ ಮುದ್ರಣ ಚಿತ್ರಗಳು, ಅದರಲ್ಲೂ ಬಿಳಿಯರು ಹಡಗಿನಲ್ಲಿ ಬಂದಿಳಿದಾಗ ಆ ಜನ ಕಂಡದ್ದನ್ನು ತೋರಿಸುವ ಚಿತ್ರಗಳು. ನಮ್ಮ ಸ್ಕೂಲ್ ಪುಸ್ತಕದಲ್ಲಿ ಅವರನ್ನು ಎಸ್ಕಿಮೊ ಎಂದು ಕರೆದು, ಮಂಜಿನ ಮನೆಯ ಮುಂದೆ ನಿಲ್ಲಿಸಿ ಬಿಟ್ಟಿದ್ದರು. ಅವರಿಗೆ ಆ ಹೆಸರು ಇಷ್ಟವಿಲ್ಲ ಎನ್ನುವುದೂ ನನಗೆ ಆಗಲೇ ಗೊತ್ತಾಗಿದ್ದು.

ಮ್ಯೂಸಿಯಂ ಮತ್ತೆ ಬಾಗಿಲು ತೆರೆದ ಮೇಲೆ ಮೊದಲ ಕೆಲಸ ಅಟ್ಲಾಂಟಾದಿಂದ ಒಂದು ಪೆಟ್ಟಿಗೆ ತರುವುದು. ನಿವೃತ್ತ ವೈದ್ಯೆಯೊಬ್ಬರು ಚಿಕ್ಕ ವಯಸ್ಸಿನಲ್ಲಿ ಉತ್ತರದ ಆ ಊರುಗಳಲ್ಲಿ ಕೆಲಸ ಮಾಡುವಾಗ ಕೊಂಡಿದ್ದ ಚಿತ್ರಗಳನ್ನು ಮ್ಯೂಸಿಯಮ್ಮಿಗೆ ಕೊಟ್ಟಿದ್ದರು. ಲಾರಿಯಲ್ಲಿ ಚಾಲಕನ ಪಕ್ಕ ಕೂತು ಪೆಟ್ಟಿಗೆ ಕಾಯುತ್ತಾ ಬರಬೇಕು. ಯಾವ ದಾರಿ, ಎಲ್ಲಿ ನಿಲ್ಲುತ್ತೇವೆ ಎಂದು ಯಾರಿಗೂ ಹೇಳುವ ಹಾಗಿಲ್ಲ. ಶಾರ್ಲೆಟ್ ದಾಟುವಾಗ ಅದೇ ಊರಿನ ಬ್ಯಾಲಂಟೈನ್‌ನಲ್ಲಿರುವ ನನ್ನ ಚಿಕ್ಕಪ್ಪನ ಮಗಳು ರುಖ್ಸಾನಾ ಫೋನ್ ಮಾಡಿದಳು. ಎಲ್ಲಿದ್ದೀಯ ಎಂದಳು. ಕೆಲಸದಲ್ಲಿ ಎಂದೆ. ಅದು ಹೇಗೋ ಅವಳಿಗೆ ಆಮೇಲೆ ತಿಳಿದುಹೋಯಿತು. "ನಮ್ಮನೆ ಎಕ್ಸಿಟ್ ಮುಂದೇನೆ ಡ್ರೈವ್ ಮಾಡ್ಕೊಂಡ್ ಹೋಗಿದ್ಯಾ, ಒಂದ್ ಮಾತು ಹೇಳಕ್ಕಾಗ್ಲಿಲ್ವಾ ಆಪಾ? ಬಿರಿಯಾನಿ ಮಾಡಿದ್ದೆ" ಎಂದು ಈಗಲೂ ಹಂಗಿಸುತ್ತಾಳೆ. ಇದೂ ಈ ವೃತ್ತಿಯ ಒಂದು ಕಷ್ಟ.

ಆ ಪೆಟ್ಟಿಗೆಯಲ್ಲಿದ್ದ ಒಂದು ಚಿತ್ರದ ಬಗ್ಗೆ ಹೇಳಬೇಕು. ಮೂಲೆಯಲ್ಲಿ ಒಂದು ಹಡಗು, ಮಕ್ಕಳ ಆಟಿಕೆಯಷ್ಟು ಚಿಕ್ಕದು. ದಡದಲ್ಲಿ ಬಂದಿಳಿದ ಬಿಳಿಯರು ಮಾತ್ರ ದೊಡ್ಡದಾಗಿದ್ದಾರೆ. ಅವರ ಕೋಟಿನ ಒಂದೊಂದು ಗುಂಡಿಯನ್ನೂ ಬಿಡಿಸಲಾಗಿದೆ. ಒಬ್ಬನ ಬೂಟು ಅಳತೆಗೆ ದೊಡ್ಡದು, ಇನ್ನೊಬ್ಬ ಚಳಿಗೆ ಭುಜ ಕುಗ್ಗಿಸಿಕೊಂಡಿದ್ದಾನೆ, ಮತ್ತೊಬ್ಬನಿಗೆ ನಾಯಿಗಳೆಂದರೆ ಹೆದರಿಕೆ, ಕಾಲು ಹಿಂದಕ್ಕೆ ಇಟ್ಟಿದ್ದಾನೆ. ಎಲ್ಲರ ಮುಂದೆ ಪಕ್ಕಕ್ಕೆ ಮುಖ ಮಾಡಿ ನಿಂತ ಕಪ್ತಾನ, ಬೆರಳು ತೋರಿಸಿ ಏನೋ ಅಪ್ಪಣೆ ಮಾಡುತ್ತಿದ್ದಾನೆ. ಅವರ ಎದುರು ಕೋಟಿನ ಬೆನ್ನಿಗಿರುವ ಚೀಲದಂಥ ಟೊಪ್ಪಿಗೆಯಲ್ಲಿ ಮಗುವನ್ನು ಕೂರಿಸಿಕೊಂಡ ಒಬ್ಬ ಹೆಂಗಸು. ಅವಳು ಹೆದರಿಲ್ಲ, ಸಿಟ್ಟಾಗಿಲ್ಲ, ಸುಮ್ಮನೆ ನೋಡುತ್ತಿದ್ದಾಳೆ.

ನಾವು ಸ್ಕೂಲಿನಿಂದ ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಿದ್ದಾಗ ಗೋಡೆಯ ಮೇಲಿನ ಯುದ್ಧದ ಚಿತ್ರದಲ್ಲಿ ಬೆರಳು ಕಚ್ಚಿಕೊಂಡ ಬಿಳಿ ಅಧಿಕಾರಿಯನ್ನು ನೋಡಿ ನಕ್ಕಿದ್ದೆವು. ಅಲ್ಲಿ ಅವನ ಸುತ್ತ ನಿಂತ ಸಿಪಾಯಿಗಳು ಸಾಲುಸಾಲಾಗಿ ಎಲ್ಲಾ ಒಂದೇ ಥರ. ಇಲ್ಲಿ ಹಾಗಲ್ಲ. ಹಡಗಿನಲ್ಲಿ ಬಂದವರು ಈ ಇನ್ಯುಯಿಟ್ ಜನರನ್ನು ಒಟ್ಟಾಗಿ ಕಾಡುಜನ ಎಂದು ಬರೆದುಕೊಂಡು ಹೋದರು. ಇವರು ಮಾತ್ರ ಬಂದವರಲ್ಲಿ ಯಾರ ಬೂಟು ಅಳತೆಗೆ ಸರಿಯಿಲ್ಲ ಎನ್ನುವುದನ್ನೂ ನೋಡಿಟ್ಟುಕೊಂಡಿದ್ದರು. ನನಗೆ ಆ ಚಿತ್ರದ ಮೇಲೆ ಎಷ್ಟು ಗೌರವ ಹುಟ್ಟಿತೆಂದರೆ ಊಟದ ವೇಳೆಯಲ್ಲೂ ಅದರ ಮುಂದೆ ಹೋಗಿ ನಿಲ್ಲುತ್ತಿದ್ದೆ.

ಅದನ್ನು ಮಾಡುವ ರೀತಿಯೂ ಹಾಗೆಯೇ. ಒಬ್ಬರು ಪೆನ್ಸಿಲ್ಲಿನಲ್ಲಿ ಚಿತ್ರ ಬರೆಯುತ್ತಾರೆ. ಇನ್ನೊಬ್ಬರು ಅದನ್ನು ಚಪ್ಪಟೆ ಕಲ್ಲಿನ ಮೇಲೆ ಇಳಿಸಿಕೊಂಡು, ಬೇಡದ ಭಾಗವನ್ನೆಲ್ಲ ಕೆತ್ತಿ ತೆಗೆಯುತ್ತಾರೆ. ಉಳಿದ ಉಬ್ಬಿಗೆ ಶಾಯಿ ಸವರಿ, ತೆಳುವಾದ ಕಾಗದ ಹಾಸಿ, ಕೈಯಿಂದ ತಿಕ್ಕಿ ಚಿತ್ರ ಎಬ್ಬಿಸುವವರು ಮತ್ತೊಬ್ಬರು. ಯಂತ್ರ ಇಲ್ಲ. ಬೇಕಾದಷ್ಟು ಪ್ರತಿ ತೆಗೆದ ಮೇಲೆ ಕಲ್ಲನ್ನು ಉಜ್ಜಿ ಸಮ ಮಾಡಿ ಮುಂದಿನ ಚಿತ್ರಕ್ಕೆ ಇಟ್ಟುಕೊಳ್ಳುತ್ತಾರೆ. ಕೆತ್ತಿದ್ದು ಅಲ್ಲಿಗೆ ಮುಗಿಯಿತು. ಕಾಗದದ ಕೆಳಗಿನ ಅಂಚಿನಲ್ಲಿ ಮೂವರ ಗುರುತೂ ಇರುತ್ತದೆ, ಹುಣಸೆ ಬೀಜದಷ್ಟು ಕೆಂಪು ಮುದ್ರೆಗಳು.

ಆ ಅಂಚನ್ನು ನಾವು ಮುಚ್ಚುತ್ತಿದ್ದೆವು. ಚಿತ್ರದ ಮೇಲೆ ದಪ್ಪ ರಟ್ಟು ಇಟ್ಟು, ಅದರಲ್ಲಿ ಚಿತ್ರ ಕಾಣುವಷ್ಟೇ ಕಿಟಕಿ ಕತ್ತರಿಸುವುದು ನಮ್ಮ ಕಾರ್ಯಾಗಾರದ ಪದ್ಧತಿ. ಅಂಚಿನಲ್ಲಿ ಕೊಳೆ, ಪೆನ್ಸಿಲ್ ಬರಹ, ಹಳೆಯ ರಟ್ಟಿನ ಕಂದು ಗೆರೆ, ಏನೇನೋ ಇರುತ್ತದೆ. ಅದನ್ನು ಜನ ಯಾಕೆ ನೋಡಬೇಕು ಎನ್ನುವುದು ವಾಲ್ಟರ್ ಬರುವುದಕ್ಕೂ ಮೊದಲಿನಿಂದ ನಡೆದುಬಂದ ಮಾತು. ಪ್ರದರ್ಶನದ ಎಲ್ಲ ಚಿತ್ರಗಳಿಗೂ ಹಾಗೆಯೇ ಕಿಟಕಿ ಕತ್ತರಿಸಿ, ಗಾಜು ಹಾಕಿ, ಬೆನ್ನು ಮುಚ್ಚಿ ಸಾಲಾಗಿ ನಿಲ್ಲಿಸಿದೆವು.

ಕಪ್ತಾನನ ಬಗ್ಗೆ ರೆಬೆಕಾ ಒಂದು ಒಳ್ಳೆಯ ಮಾತು ಬರೆದಿದ್ದಳು. ಅವನಿಗೆ ಕಿವಿ ಇಲ್ಲ. ಬೇರೆ ಎಲ್ಲರಿಗೂ ಇದೆ, ನಾಯಿಗಳಿಗೂ ಇದೆ. ಬಂದವರು ಮಾತಾಡಿದರೇ ಹೊರತು ಕೇಳಿಸಿಕೊಳ್ಳಲಿಲ್ಲ, ಅದಕ್ಕೇ ಕಲಾವಿದೆ ಕಪ್ತಾನನ ಕಿವಿಯನ್ನು ಬಿಟ್ಟಿದ್ದಾರೆ ಎಂದು ಫಲಕದಲ್ಲಿ ಬರೆದಳು. ನನಗೂ ಸರಿ ಎನಿಸಿತು. ಫಲಕದಲ್ಲಿ ಕಲಾವಿದೆಯ ಹೆಸರು ಒಂದೇ ಇತ್ತು. ಆಕೆ ತೀರಿಹೋಗಿ ಬಹಳ ಕಾಲವಾಗಿತ್ತು.

ಉದ್ಘಾಟನೆಗೆ ಮುಂಚಿನ ವಾರ ಎಲಿಸಾಪಿ ಬಂದರು. ಆ ಕಲಾವಿದೆಯ ಊರಿನ ಇನ್ಯುಯಿಟ್ ಹೆಂಗಸು. ಒಟ್ಟಾವಾ ನಗರದ ಆಸ್ಪತ್ರೆಯಲ್ಲಿ, ಉತ್ತರದಿಂದ ಚಿಕಿತ್ಸೆಗೆ ಬರುವ ತಮ್ಮ ಜನರಿಗೆ ದುಭಾಷಿ. ಪ್ರದರ್ಶನ ನೋಡಿ ತಪ್ಪು ಒಪ್ಪು ಹೇಳಲಿ ಎಂದು ಮ್ಯೂಸಿಯಂ ಕರೆಸಿತ್ತು. ಮಾಸ್ಕ್ ಹಾಕಿಕೊಂಡು, ಕೈ ಹಿಂದೆ ಕಟ್ಟಿ ಒಂದೊಂದೇ ಚಿತ್ರ ನೋಡುತ್ತಾ ಬಂದ ಆಕೆ, ಕಪ್ತಾನನ ಚಿತ್ರದ ಹತ್ತಿರ ನಿಂತುಬಿಟ್ಟರು.

"ಇದರ ಕೆಳಗಿನ ಭಾಗ ಎಲ್ಲಿ?" ಎಂದರು.

"ರಟ್ಟಿನ ಕೆಳಗಿದೆ" ಎಂದೆ.

"ತೆಗೆದು ತೋರಿಸ್ತೀರಾ?"

ಬೆನ್ನು ಮುಚ್ಚಿದ ಕಟ್ಟನ್ನು ಸುಮ್ಮನೆ ಬಿಚ್ಚುವುದಿಲ್ಲ. ಆದರೂ ಆಕೆ ಕೇಳಿದ ರೀತಿಯಲ್ಲಿ ಏನೋ ಇತ್ತು. ಮೇಜಿನ ಮೇಲೆ ಮಲಗಿಸಿ ಬಿಚ್ಚಿದೆ. ಕಿಟಕಿ ರಟ್ಟು ಎತ್ತಿದ ಕೂಡಲೇ ಆಕೆ ಬಗ್ಗಿ, ಬೆರಳನ್ನು ಕಾಗದಕ್ಕೆ ತಾಗಿಸದೆ, ನಡುವಿನ ಮುದ್ರೆಯ ಮೇಲೆ ಹಿಡಿದರು. "ನಮ್ಮಪ್ಪ ಪೌಲೂಸಿ. ಈ ಕಲ್ಲು ಕೆತ್ತಿದ್ದು ಅವರು" ಎಂದರು.

ರೆಬೆಕಾ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಳು. ಫಲಕದಲ್ಲಿ ಬರೆದ ಕಿವಿಯ ಮಾತನ್ನು ಓದಿ ಹೇಳಿ, ಸರಿಯಾ ಎಂದು ಕೇಳಿದಳು. ಎಲಿಸಾಪಿ ನಗತೊಡಗಿದರು. ಮಾಸ್ಕ್ ಕೆಳಗೆ ಎಳೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು.

"ಕಿವಿ ಇತ್ತು. ಚಿತ್ರ ಬರೆದ ಅಜ್ಜಿ ಚೆನ್ನಾಗೇ ಬರೆದಿದ್ರು. ಕೆತ್ತೋವಾಗ ಕಲ್ಲಿನ ಚೂರು ಹಾರಿಹೋಯ್ತು. ಹೋದ ಕಲ್ಲನ್ನ ಮತ್ತೆ ಹೇಗೆ ಅಂಟಿಸೋದು? ಅಪ್ಪ ಆಗ ಹೊಸಬರು. ಅಜ್ಜಿ ದೊಡ್ಡ ಕಲಾವಿದೆ. ಇಡೀ ಕಲ್ಲು ಹಾಳಾಯ್ತು, ಇನ್ನು ನನಗೆ ಕೆತ್ತೋಕೆ ಯಾರೂ ಕೊಡಲ್ಲ ಅಂತ ಹೆದರಿಕೊಂಡು ಅವರನ್ನ ಕರೆದು ತೋರಿಸಿದ್ರಂತೆ. ಅಜ್ಜಿ ತುಂಬಾ ಹೊತ್ತು ನೋಡಿ, ಇರಲಿ ಬಿಡು, ಇವನು ಅದನ್ನ ಯಾವತ್ತೂ ಉಪಯೋಗಿಸಲಿಲ್ಲ ಅಂದ್ರಂತೆ."

ನಾವು ಮೂವರೂ ಮೇಜು ಹಿಡಿದುಕೊಂಡು ನಕ್ಕೆವು. ರೆಬೆಕಾಳ ಫಲಕ ತಪ್ಪೂ ಆಗಿರಲಿಲ್ಲ, ಸರಿಯೂ ಆಗಿರಲಿಲ್ಲ. ಅವಳು ಅಲ್ಲೇ ಪೆನ್ಸಿಲ್ ತೆಗೆದು, ಇದನ್ನು ಹೀಗೇ ಬರೆಯಬಹುದಾ ಎಂದು ಕೇಳಿಕೊಂಡು ಎಲ್ಲವನ್ನೂ ತಿದ್ದಿದಳು. ಅಷ್ಟು ಓದಿದವಳು ಅಷ್ಟು ಸಂತೋಷದಿಂದ ತನ್ನ ಬರಹವನ್ನು ಹೊಡೆದುಹಾಕುವುದನ್ನು ನಾನು ಮೊದಲು ನೋಡಿರಲಿಲ್ಲ.

ನಗು ನಿಂತ ಮೇಲೆ ಎಲಿಸಾಪಿ ನನ್ನ ಕಡೆ ತಿರುಗಿದರು. "ಅಪ್ಪ ಈಗ ಒಟ್ಟಾವಾ ಆಸ್ಪತ್ರೆಯಲ್ಲಿದ್ದಾರೆ. ಶ್ವಾಸಕೋಶ. ಊರಿಗೆ ವಾಪಸು ಕರಕೊಂಡು ಹೋಗೋದು ಡೌಟು ಅಂತ ಡಾಕ್ಟರ್ ಹೇಳಿದ್ದಾರೆ. ಅವರು ಕೆತ್ತಿದ ಕಲ್ಲು ಒಂದೂ ಉಳಿದಿಲ್ಲ. ಕಾಗದ ಎಲ್ಲಾ ದಕ್ಷಿಣಕ್ಕೆ ಬಂದುಬಿಟ್ಟಿತು. ಯಾವುದೂ ಗೋಡೆ ಮೇಲಿರೋದನ್ನ ಅವರು ಕಂಡಿಲ್ಲ. ಇಲ್ಲಿಂದ ಫೋನಿನಲ್ಲಿ ತೋರಿಸೋಣ ಅಂತ ಬಂದೆ. ಆದರೆ ಅವರ ಮುದ್ರೆ ಮುಚ್ಚಿಹೋಗಿದ್ರೆ ನಾನು ತೋರಿಸಲ್ಲ. ತೋರಿಸದೇ ಇರೋದೇ ಒಳ್ಳೇದು."

ಅನನ್ಯಾ, ಇಂಥ ಮಾತು ಕೇಳಿದ ಮೇಲೆ ಪದ್ಧತಿ ಅದು ಇದು ಎನ್ನಲು ಬಾಯಿ ಬರುವುದಿಲ್ಲ. ಆದರೆ ವಾಲ್ಟರ್‌ಗೆ ಬಂತು. ಅವರ ಬಳಿ ಹೋಗಿ, ಕಿಟಕಿ ತೆಗೆದುಬಿಡೋಣ, ಕಾಗದದ ನಾಲ್ಕು ಅಂಚೂ ಕಾಣುವ ಹಾಗೆ ಹಿಂದಿನ ರಟ್ಟಿನ ಮೇಲೆ ತೇಲಿಸಿ ಕೂರಿಸೋಣ, ಗಾಜು ತಾಗದಂತೆ ಒಳಗೆ ಸಣ್ಣ ಪಟ್ಟಿ ಕೊಡೋಣ ಎಂದೆ.

"ಮುದ್ರೆ ಪಕ್ಕದಲ್ಲೇ ಕಂದು ಗೆರೆ ಇದೆ. ಕಟ್ಟು ಹಾಕೋಕೆ ಬರಲ್ವಾ ಇವರಿಗೆ ಅಂತಾರೆ ಜನ. ಮತ್ತೆ ಒಂದಕ್ಕೆ ಮಾಡಿದರೆ ಉಳಿದ ಕೆತ್ತಿದವರು, ತಿಕ್ಕಿದವರು ಏನು ತಪ್ಪು ಮಾಡಿದ್ದಾರೆ? ಎಲ್ಲಾದಕ್ಕೂ ಮಾಡಬೇಕು. ಟೈಮ್ ಎಲ್ಲಿದೆ?" ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು. ಬಂದ ದಾರಿಗೆ ಸುಂಕವಿಲ್ಲವೆಂದುಕೊಂಡು ವಾಪಸು ಬಂದು ಎಲಿಸಾಪಿಗೆ ಆಗಲ್ಲವಂತೆ ಎಂದು ಹೇಳಿದೆ. ಆಕೆ ವಾದ ಮಾಡಲಿಲ್ಲ, ಥ್ಯಾಂಕ್ಸ್ ಎಂದು ಕೋಟು ಎತ್ತಿಕೊಂಡರು.

ಅಷ್ಟರಲ್ಲಿ ವಾಲ್ಟರ್ ಭೂತಗನ್ನಡಿ ಹಿಡಿದುಕೊಂಡು ಒಳಗೆ ಬಂದರು. ನೇರವಾಗಿ ಚಿತ್ರದ ಮೇಲೆ ಬಗ್ಗಿದರು. ಅಂಚಿನಿಂದ ಅಂಚಿಗೆ ನೋಡಿ, "ಇಷ್ಟು ತೆಳು ಕಾಗದ ಒದ್ದೆ ಶಾಯಿ ಮೇಲೆ ಜಾರದ ಹಾಗೆ ಹೇಗೆ ಹಿಡೀತಿದ್ರು?" ಎಂದು ಕೇಳಿದರು.

ಎಲಿಸಾಪಿ ಕೋಟು ಕೆಳಗಿಟ್ಟರು. "ತಿಕ್ಕಿದ್ದು ನಮ್ಮತ್ತೆ. ಈ ಕೊನೇ ಮುದ್ರೆ ಅವರದು" ಎಂದು, ಖಾಲಿ ಮೇಜಿನ ಮೇಲೆ ಅಂಗೈ ಇಟ್ಟು ತೋರಿಸಿದರು. ಎಡಗೈ ಒಂದೇ ಕಡೆ ಊರಿ ನಿಲ್ಲಬೇಕು. ಬಲಗೈ ನಡುವಿನಿಂದ ಹೊರಕ್ಕೆ ಹೋಗಬೇಕು, ಉಸಿರು ಬಿಗಿಹಿಡಿಯಬಾರದು. ಮಧ್ಯದಲ್ಲಿ ಯಾರಾದರೂ ಬಾಗಿಲು ತೆರೆದು ಚಳಿ ಗಾಳಿ ಒಳಗೆ ಬಿಟ್ಟರೆ ಅತ್ತೆ ಬೈಯುತ್ತಿದ್ದರಂತೆ. ವಾಲ್ಟರ್ ಆ ಕೈ ಚಲನೆಯನ್ನು ತಾವೂ ಮಾಡಿ ನೋಡಿದರು. ತಪ್ಪಿದ್ದನ್ನು ಆಕೆ ತಿದ್ದಿದರು. ಮತ್ತೆ ಮಾಡಿದರು. ನಲವತ್ತು ವರ್ಷದ ಕಸುಬಿನ ಮನುಷ್ಯ ಹೊಸದಾಗಿ ಸೇರಿದವನ ಹಾಗೆ ನಿಂತಿದ್ದರು.

ಆಮೇಲೆ ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಂಡು, "ನಸೀಮಾ, ಎಲ್ಲವನ್ನೂ ಬಿಚ್ಚಿ" ಎಂದರು.

"ಕಂದು ಗೆರೆ?" ಎಂದೆ. ಮನಸ್ಸಿನಲ್ಲಿ ಸಿಟ್ಟು ಇನ್ನೂ ಇತ್ತು.

"ಕೇಳಿದವರನ್ನ ನನ್ನ ಹತ್ತಿರ ಕಳಿಸಿ."

ಆ ವಾರದ ಕೆಲಸವನ್ನು ಈಗ ನೆನೆದರೂ ಖುಷಿಯಾಗುತ್ತದೆ. ಕತ್ತರಿಸಿದ ಕಿಟಕಿಗಳೆಲ್ಲ ರದ್ದಿಗೆ ಹೋದವು. ನಾವು ಹಾಕಿದ್ದ ಅಂಟು ಒದ್ದೆ ಹತ್ತಿ ಒತ್ತಿದ ಕೂಡಲೇ ಬಿಟ್ಟುಕೊಂಡಿತು, ಯಾವ ಕಾಗದಕ್ಕೂ ಏಟಾಗಲಿಲ್ಲ. ವಾಲ್ಟರ್ ತಾವೇ ಪಟ್ಟಿ ಕೊಯ್ದರು. ರೆಬೆಕಾ ಪ್ರತಿ ಫಲಕದಲ್ಲೂ ಮೂರು ಹೆಸರು ಬರೆಸಲು ಎಲಿಸಾಪಿಯ ಜೊತೆ ಕೂತು, ಊರಿಗೆ ಫೋನ್ ಮಾಡಿಸಿ, ಯಾವ ಮುದ್ರೆ ಯಾರದು ಎಂದು ವಿಚಾರಿಸಿದಳು. ತೇಲಿಸಿ ಕೂರಿಸಿದ ಮೇಲೆ ಆ ಕಾಗದಗಳ ಒರಟು ಅಂಚು, ಪೆನ್ಸಿಲ್ ಬರಹ, ಎಲ್ಲ ಕಾಣುತ್ತಿದ್ದವು. ಇಷ್ಟು ದಿನ ಇದನ್ನೆಲ್ಲ ಯಾಕೆ ಮುಚ್ಚಿದೆವೋ ಎನಿಸಿತು. ಈಗ ಅಲ್ಲಿ ಅಂಥ ಚಿತ್ರಗಳಿಗೆ ಕಿಟಕಿ ಹಾಕುವುದಿಲ್ಲ. ಅನನ್ಯಾ, ನಿನ್ನ ಕಾರ್ಯಾಗಾರದಲ್ಲಿ ಹಾಕಿಸಿದರೆ ಯಾಕೆ ಎಂದು ಕೇಳು.

ಉದ್ಘಾಟನೆಯ ಮಧ್ಯಾಹ್ನ ಪ್ರದರ್ಶನದ ಕೋಣೆ ತುಂಬಿತ್ತು. ನಾವು ಕಾರ್ಯಾಗಾರದವರು ಸಾಮಾನ್ಯವಾಗಿ ಅಂಥ ದಿನ ಮೇಲೆ ಹೋಗುವುದಿಲ್ಲ. ಅಂದು ಎಲಿಸಾಪಿ ನನ್ನ ಕೈ ಹಿಡಿದು ಕರೆದುಕೊಂಡು ಹೋದರು. ಚಿತ್ರದ ಮುಂದೆ ನಿಂತು ವಿಡಿಯೊ ಕಾಲ್ ಮಾಡಿದರು. ಆ ಕಡೆ ಅವರ ತಮ್ಮ ಫೋನ್ ಹಿಡಿದಿದ್ದ. ದಿಂಬಿಗೆ ಒರಗಿ ಕೂತ ಮುದುಕರು ಕಂಡರು, ಬೆಳ್ಳಿ ಕೂದಲು, ಮೂಗಿನಲ್ಲಿ ಆಕ್ಸಿಜನ್ ಕೊಳವೆ. ಎಲಿಸಾಪಿ ಮೊದಲು ಇಡೀ ಚಿತ್ರವನ್ನು ತೋರಿಸಿದರು. ಪೌಲೂಸಿ ತಮ್ಮ ಭಾಷೆಯಲ್ಲಿ ಏನೋ ಹೇಳಿದರು.

"ಕಪ್ಪು ಚೆನ್ನಾಗಿ ಉಳಿದಿದೆ ಅಂತಿದ್ದಾರೆ" ಎಂದು ಎಲಿಸಾಪಿ ನನಗೆ ಹೇಳಿದರು.

ಫೋನನ್ನು ಕೆಳಗಿನ ಅಂಚಿಗೆ ತಂದು ಮುದ್ರೆಯ ಮುಂದೆ ಹಿಡಿದರು. ಮುದುಕರು ಮುಖವನ್ನು ಫೋನಿನ ಹತ್ತಿರಕ್ಕೆ ತಂದರು. ಆ ಕಡೆ ಅವರ ಹಣೆ ಮಾತ್ರ ಕಾಣುತ್ತಿತ್ತು. ಆಮೇಲೆ ಹಿಂದಕ್ಕೆ ಒರಗಿ ಇನ್ನೇನೋ ಹೇಳಿದರು.

"ಚಿತ್ರ ಸಾಕಂತೆ. ನೋಡೋಕೆ ಬಂದವರನ್ನ ತೋರಿಸು ಅಂತಾರೆ."

ಎಲಿಸಾಪಿ ಫೋನನ್ನು ಜನರ ಕಡೆ ತಿರುಗಿಸಿದರು. ಬಿಳಿಯರು, ಕರಿಯರು, ನಮ್ಮಂಥವರು, ಕೈಯಲ್ಲಿ ಗ್ಲಾಸು ಹಿಡಿದವರು, ಮಕ್ಕಳನ್ನು ಎತ್ತಿಕೊಂಡವರು. ಮುದುಕರು ಒಬ್ಬೊಬ್ಬರನ್ನೇ ನಿಧಾನವಾಗಿ ನೋಡಿದರು. ಯಾರದೋ ಶೂ ನೋಡಿ ನಕ್ಕರು. ಅಷ್ಟು ಹೊತ್ತಿಗೆ ಸೂಟು ಹಾಕಿದ ಒಬ್ಬ ಎತ್ತರದ ಬಿಳಿಯ ಮನುಷ್ಯ ಚಿತ್ರದ ಮುಂದೆ ಬಂದ. ಫಲಕ ಓದಿದ. ಕನ್ನಡಕ ತೆಗೆದು, ಮೊಣಕಾಲಿನ ಮೇಲೆ ಕೈಯೂರಿ, ಮೂಗು ಗಾಜಿಗೆ ತಾಗುವಷ್ಟು ಕೆಳಕ್ಕೆ ಬಗ್ಗಿದ. ಮತ್ತೆ ಎದ್ದು ಫಲಕ ನೋಡಿದ, ಮತ್ತೆ ಬಗ್ಗಿದ.

ಪೌಲೂಸಿ ಏನೋ ಕೇಳಿದರು. ಎಲಿಸಾಪಿ ಉತ್ತರ ಕೊಟ್ಟರು. ಅವರು ಇನ್ನೊಂದು ಮಾತು ಹೇಳಿದರು. ಏನಂತೆ ಎಂದು ನಾನು ಮೆಲ್ಲಗೆ ಕೇಳಿದೆ.

"ಅವನು ಬಗ್ಗಿ ಏನು ಹುಡುಕ್ತಿದ್ದಾನೆ ಅಂತ ಕೇಳಿದ್ರು. ನಿಮ್ಮ ಹೆಸರು ಅಂದೆ." ಆಕೆ ಫೋನನ್ನು ಅವನ ಕಡೆಗೇ ಹಿಡಿದಿದ್ದರು. "ಅವನು ಓದಿ ಮುಗಿಸೋ ತನಕ ಫೋನ್ ಇಡಬೇಡ ಅಂತಿದ್ದಾರೆ."